ಕಾಣದ ಮರಗಳ ನೆರಳು

ಚಿತ್ರಕಾರ ಕಾಮಿಲ್ ಪಿಸಾರೋ 1873ರಲ್ಲಿ ಬರೆದ ‘ಹೋರ್‌ಫ್ರಾಸ್ಟ್’ ಚಿತ್ರವನ್ನು ಸುಮ್ನೆ ನೋಡುತ್ತಾ ಕೂತಿದ್ದೇನೆ. ಫ್ರಾನ್ಸಿನ ಪೊಂತ್ವಾಜ್ ಹತ್ತಿರದ ಹೊಲ. ನೆಲದ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿದೆ. ಬೆನ್ನ ಮೇಲೆ ಸೌದೆ ಹೊರೆ, ಕೈಯಲ್ಲೊಂದು ಕೋಲು, ದಾರಿ ಹಿಡಿದು ಬರುತ್ತಿರುವ ಒಬ್ಬ ರೈತ. ಹೊಲಕ್ಕೆ ಅಡ್ಡಡ್ಡ ಮರಗಳ ಉದ್ದನೆಯ ನೆರಳುಗಳು. ಆದರೆ ಆ ಮರಗಳು ಚಿತ್ರದಲ್ಲಿ ಇಲ್ಲವೇ ಇಲ್ಲ!

1874ರ ಪ್ಯಾರಿಸ್ ಪ್ರದರ್ಶನದಲ್ಲಿ ಒಬ್ಬ ವಿಮರ್ಶಕರು ಇದನ್ನೇ ತಪ್ಪು ಅಂದರು. ಇನ್ನೊಬ್ಬರು, ಕೊಳಕು ಕ್ಯಾನ್ವಾಸಿನ ಮೇಲೆ ಬಣ್ಣ ಕಲಸುವ ಪ್ಯಾಲೆಟ್ ಹಲಗೆಯನ್ನು ಕೆರೆದು ಮೆತ್ತಿದ ಹಾಗಿದೆ ಎಂದು ಗೇಲಿ ಮಾಡಿದರು. ನನಗಂತೂ ಆ ನೆರಳುಗಳೇ ಜಾಸ್ತಿ ಇಷ್ಟ. ಹೊಲದ ದಾರಿಯಲ್ಲಿ ನಾವು ನೋಡುವುದು ಮರಕ್ಕಿಂತ ಕಾಲಡಿಯ ನೆಲವನ್ನೇ ಅಲ್ವಾ? ತಲೆ ಬಗ್ಗಿಸಿ ಹೊರೆ ಹೊತ್ತವನಿಗಂತೂ ಅಷ್ಟೇ ಕಾಣುವುದು.