ಇವರಿಗೆ ಹೇಳಿದ್ದು ಯಾರು?

ಕೆನಡಾದ ಹಿಮನಾಡು ನುನಾವುಟ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ. ಮಗಳು ಲೈಬ್ರರಿಯಿಂದ ಆರ್ಕ್ಟಿಕ್ ಪ್ರಾಣಿಗಳ ದಪ್ಪ ವಿಶ್ವಕೋಶ ತಂದಿದ್ದಳು. ಇಬ್ಬರೂ ಬೋರಲು ಮಲಗಿ ಸೀಲ್‌ಗಳ ಪುಟ ತಿರುವುತ್ತಿದ್ದರು. ಕಡಲು ಹೆಪ್ಪುಗಟ್ಟಿದ ಮೇಲೆ ಸೀಲ್ ಉಗುರಿನಿಂದ ಕೆರೆಯುತ್ತಾ ಉಸಿರಾಡುವ ಕಿಂಡಿ ಮುಚ್ಚಿಹೋಗದಂತೆ ನೋಡಿಕೊಳ್ಳುವುದು, ಆ ಕಿಂಡಿಯ ಮೇಲೆ ಕೂತ ಹಿಮದೊಳಗೆ ಗೂಡು ತೋಡಿ ಮರಿ ಹಾಕುವುದು, ಎಲ್ಲ ಚಿತ್ರಸಮೇತ ಇತ್ತು. ಹುಡುಗ ಪೂರ್ತಿ ಓದಿದ. ಕೊನೆಯಲ್ಲಿದ್ದ ಲೇಖಕರ ಪಟ್ಟಿಯ ಮೇಲೆ ಬೆರಳಾಡಿಸಿ, "ಇದನ್ನೆಲ್ಲ ಇವರಿಗೆ ಹೇಳಿದ್ದು ಯಾರು?" ಅಂದ.

ವಿಜ್ಞಾನಿಗಳು ಕಂಡುಹಿಡಿದಿರುತ್ತಾರೆ ಅಂದೆ. "ನಮ್ಮಜ್ಜಿಗೆ ಮೊದಲೇ ಗೊತ್ತಿತ್ತಲ್ಲ" ಅಂದ, ಜಂಬವಿಲ್ಲದೆ.

ಅವರು ಇನುಯಿಟ್, ಈ ಹಿಮನಾಡಿನ ಮೂಲನಿವಾಸಿಗಳು. ಆ ಅಜ್ಜಿಯನ್ನು ನೀವು ನೋಡಬೇಕು. ಅಡುಗೆಮನೆಯ ನೆಲಕ್ಕೆ ರಟ್ಟು ಹಾಸಿ, ಕಾಲು ನೀಡಿ ಕೂತು, ಅರ್ಧಚಂದ್ರದಂಥ ಉಲು ಕತ್ತಿಯಿಂದ ಸೀಲ್ ಚರ್ಮದ ಕೊಬ್ಬು ಹೆರೆಯುತ್ತಾರೆ. ಒಂದೇ ಹದದ ಎಳೆತ, ಎಲ್ಲೂ ಚರ್ಮ ತೂತಾಗದು. ಕೂದಲ ಬಣ್ಣ ನೋಡಿಯೇ ಮರಿಗೆ ಎಷ್ಟು ವಾರವಾಗಿದೆ ಎಂದು ಹೇಳಿಬಿಡುತ್ತಾರೆ.

ಇಲ್ಲಿನ ರಾಜಧಾನಿ ಇಕಾಲುಯಿತ್‌ಗೆ ಬಂದ ಮೇಲೆ ಈ ನಾಡಿನ ಚರಿತ್ರೆಯನ್ನು ಸಾಕಷ್ಟು ಓದಿದ್ದೇನೆ. ಓದಿದ್ದರಲ್ಲಿ ಅತಿ ಹೆಚ್ಚು ನೋಯಿಸಿದ್ದು ಜಾನ್ ಫ್ರಾಂಕ್ಲಿನ್ ಎಂಬ ಬ್ರಿಟಿಷ್ ನೌಕಾಧಿಕಾರಿಯ ಯಾತ್ರೆಯ ಕಥೆ. 1845ರಲ್ಲಿ ಇಂಗ್ಲೆಂಡಿನಿಂದ ಹೊರಟ ಎರೆಬಸ್ ಮತ್ತು ಟೆರರ್ ಹಡಗುಗಳು 129 ಜನರ ಸಮೇತ ಇಲ್ಲಿನ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡವು. ಒಬ್ಬರೂ ಹಿಂದಿರುಗಲಿಲ್ಲ. ಅವರು ಹಸಿವಿನಿಂದ ಸತ್ತರು, ಕಡೆಕಡೆಗೆ ಸತ್ತವರ ಮಾಂಸವನ್ನೂ ತಿಂದರು ಎಂದು ಇನುಯಿಟ್ ಜನ ಜಾನ್ ರೇ ಎಂಬ ಅನ್ವೇಷಕನಿಗೆ ಹೇಳಿದರು. 1854ರಲ್ಲಿ ಆ ವರದಿ ಲಂಡನ್ ಮುಟ್ಟಿದಾಗ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ಪತ್ರಿಕೆಯಲ್ಲಿ ಅದನ್ನು ತಳ್ಳಿಹಾಕಿದ. ಅನಾಗರಿಕರ ಮಾತು ನಂಬುವಂಥದ್ದಲ್ಲ ಎಂಬುದು ಅವನ ವಾದದ ತಿರುಳು. ಮುಂದೆ ಸಿಕ್ಕ ಮೂಳೆಗಳ ಮೇಲಿನ ಕತ್ತಿಯ ಗೀರುಗಳು ಇನುಯಿಟ್ ಮಾತನ್ನೇ ಸಾರಿದವು.

ಹಡಗುಗಳ ವಿಷಯದಲ್ಲೂ ಹಾಗೇ ಆಯಿತು. ಒಂದು ಹಡಗು ದಕ್ಷಿಣಕ್ಕೆ ಎಲ್ಲಿ ಮುಳುಗಿತೆಂದು ಹಿರಿಯರು ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದರು. 2014ರಲ್ಲಿ ಎರೆಬಸ್ ಸಿಕ್ಕಿದ್ದು ಆ ಕಡೆಯಲ್ಲೇ. 2016ರಲ್ಲಿ ಟೆರರ್ ಸಿಕ್ಕಿದ್ದು ಜೋವಾ ಹೇವನ್ ಎಂಬ ಇನುಯಿಟ್ ಊರಿನ ಸ್ಯಾಮಿ ಕಾಗ್ವಿಕ್ ಎಂಬ ಬೇಟೆಗಾರ, ಕೆಲವು ವರ್ಷಗಳ ಹಿಂದೆ ಕೊಲ್ಲಿಯ ಮಂಜಿನಿಂದ ಹಾಯಿಕಂಬದಂಥದ್ದು ಮೇಲೆದ್ದಿದ್ದನ್ನು ಕಂಡೆ ಎಂದು ಹೇಳಿದ್ದರಿಂದ. ಅದೇ ಊರಿನ ಲೂಯಿ ಕಮೂಕಾಕ್ ಚಿಕ್ಕಂದಿನಲ್ಲಿ ಮುತ್ತಜ್ಜಿಯ ಬಾಯಿಂದ ಈ ಕಥೆ ಕೇಳಿ, 2018ರಲ್ಲಿ ತೀರಿಕೊಳ್ಳುವವರೆಗೂ ಹಿರಿಯರ ನೆನಪುಗಳನ್ನು ಕೂಡಿಹಾಕಿದರು. ಗ್ರಂಥಗಳು ಒಂದೂವರೆ ಶತಮಾನ ಹುಡುಕಿದ್ದು ಅಜ್ಜಿಯರ ಬಾಯಲ್ಲಿತ್ತು!

ನಾನು ಎಳಂದೂರಿನವಳು. ಬಿಳಿಗಿರಿರಂಗನ ಬೆಟ್ಟದಿಂದ ಜೇನು, ನೆಲ್ಲಿಕಾಯಿ ಹೊತ್ತು ಸೋಲಿಗರು ಪೇಟೆಗೆ ಬರುತ್ತಿದ್ದರು. ನಾವು ಚೌಕಾಸಿ ಮಾಡಿದೆವೇ ಹೊರತು ಕಾಡಿನ ಬಗ್ಗೆ ಅವರನ್ನು ಒಂದು ಮಾತು ಕೇಳಿದ್ದಿಲ್ಲ. ಬೇಸಿಗೆ ಏರುವ ಮೊದಲೇ ತರಗಿಗೆ ಸಣ್ಣ ಬೆಂಕಿ ಕೊಡುವುದು ಅವರ ಪದ್ಧತಿ. ಕಾಡು ಅಭಯಾರಣ್ಯವಾದ ಮೇಲೆ ಅದು ಅಪರಾಧವಾಯಿತು. ತರಗುಬೆಂಕಿ ನಿಂತಿದ್ದರಿಂದಲೇ ಲಂಟಾನ ಕಳೆ ಹಬ್ಬಿತು, ನೆಲ್ಲಿಮರಗಳಿಗೆ ಬಂದಳಿಕೆ ಅಡರಿತು ಎಂದು ಅವರು ಹೇಳುತ್ತಲೇ ಇದ್ದರು. ಸಂಶೋಧಕರು ಅದಕ್ಕೆ ಕಿವಿಗೊಡಲು ದಶಕಗಳೇ ಬೇಕಾದವು. 2011ರಲ್ಲಿ ಅವರಿಗೆ ಸಮುದಾಯ ಅರಣ್ಯಹಕ್ಕು ಸಿಕ್ಕಿತು ಎಂದು ಓದಿದಾಗ ನನ್ನ ತಾಲ್ಲೂಕಿನ ಬಗ್ಗೆ ಹೆಮ್ಮೆಯಾಗಿತ್ತು. ಆದರೆ ಕಾಡಿನ ಬಗ್ಗೆ ನಾನು ಶಾಲೆಯಲ್ಲಿ ಓದಿದ ಯಾವ ಪಾಠದಲ್ಲೂ ಸೋಲಿಗರೊಬ್ಬರ ಹೆಸರಿರಲಿಲ್ಲ.

ಇಲ್ಲಿ ನುನಾವುಟ್ ಆರ್ಕ್ಟಿಕ್ ಕಾಲೇಜು 1999ರಿಂದ ಒಂದು ಪುಸ್ತಕಮಾಲೆ ತಂದಿತು. ಕೇಳುವವರು ಇನುಯಿಟ್ ವಿದ್ಯಾರ್ಥಿಗಳು, ಹೇಳುವವರು ಅವರದೇ ಹಿರಿಯರು. ಕಾನೂನು, ಮಕ್ಕಳ ಪಾಲನೆ, ಮದ್ದು, ನಂಬಿಕೆ ಎಲ್ಲ ಅದರಲ್ಲಿವೆ, ಹಿರಿಯರ ಹೆಸರುಗಳ ಸಮೇತ. ಬಿಳಿಗಿರಿಯ ಪೋಡುಗಳಿಂದಲೂ, ಅಂದರೆ ಸೋಲಿಗರ ಹಾಡಿಗಳಿಂದಲೂ, ಅವರ ನುಡಿಯಲ್ಲೇ ಹೀಗೊಂದು ಮಾಲೆ ಬರಬೇಕು ಎಂಬುದು ನನ್ನ ಆಸೆ. ಊರಲ್ಲಿ ಮೇಷ್ಟ್ರಾಗಿರುವ ತಮ್ಮನಿಗೆ ನಿನ್ನೆ ಫೋನು ಮಾಡಿ ಇದನ್ನೇ ಹೇಳಿದೆ. ಅವನ ಕ್ಲಾಸಿನಲ್ಲಿ ಪೋಡಿನ ಮಕ್ಕಳಿದ್ದಾರಂತೆ, ಬೇಸಿಗೆ ರಜೆಗೆ ಮುಂಚೆ ಅವರ ಕೈಯಲ್ಲಿ ಪ್ರಶ್ನೆಗಳನ್ನು ಬರೆಸುತ್ತೇನೆ ಅಂದಿದ್ದಾನೆ.