ತಾರಸಿ ಸೋರುವ ಜಾಗಗಳು: ರಾಲೊ, ಮೂಲೆ, ಹೊಸ್ತಿಲು

ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಹಳೆಯ ಒಂಟಿ ಮಹಡಿಯ ಮನೆ ಕೊಂಡವರಿಗೆ ಹಂಚು ತೆಗೆಸಿ ಮೇಲೊಂದು ತಾರಸಿ, ಚುರ್ರಾಸ್ಕೊ (ಕೆಂಡದ ಮೇಲೆ ಬೇಯುವ ಮಾಂಸ) ಸುಡಲು ಒಂದು ಒಲೆ ಬೇಕಿರುತ್ತದೆ. ಹಂಚಿನಡಿ ‘ಲಾಜೆ’, ಅಂದರೆ ಸ್ಲ್ಯಾಬ್, ಹೇಗೂ ಇದೆಯಲ್ಲ ಎನ್ನುತ್ತಾರೆ. ಆದರೆ ಅದು ಬಹಳಷ್ಟು ಮನೆಗಳಲ್ಲಿ ಬರೀ ಮುಚ್ಚಿಗೆ: ತೆಳು ತೊಲೆಗಳ ನಡುವೆ ಪೊಳ್ಳು ಇಟ್ಟಿಗೆ, ಮೇಲೆ ಒಂದಿಷ್ಟು ಕಾಂಕ್ರೀಟ್. ಜನ ಹತ್ತದ ಮುಚ್ಚಿಗೆಗೆ ಬ್ರೆಜಿಲ್‌ನ 1980ರ ಎನ್‌ಬಿಆರ್ 6120 ಮಾನದಂಡ ಹಿಡಿದಿದ್ದ ಬಳಕೆಯ ಭಾರ ಚದರ ಮೀಟರಿಗೆ 50 ಕಿಲೋ. ವಾಟದ ಗಾರೆ ಸರಾಸರಿ 4 ಸೆಂ.ಮೀ., ನೀರು ತಡೆಯುವ ಹಾಳೆಯ ಮೇಲೆ ರಕ್ಷಣೆಯ ಗಾರೆ 4 ಸೆಂ.ಮೀ. ಬಿದ್ದರೆ ಟೈಲ್ಸ್‌ಗೂ ಮೊದಲೇ ಸುಮಾರು 160 ಕಿಲೋ ಆಯಿತು. ಎಂಜಿನಿಯರ್ ಲೆಕ್ಕ ಕೈಗೆ ಬರುವ ತನಕ ಒಂದು ಹಂಚನ್ನೂ ಇಳಿಸಬೇಡಿ.

ವಾಟ ಕನಿಷ್ಠ 1%. 4×6 ಮೀಟರ್ ತಾರಸಿಗೆ ಒಂದು ಮೂಲೆಯಲ್ಲಿ ಒಂದೇ ರಾಲೊ (ನೀರು ಇಳಿಯುವ ಬಾಯಿ) ಇಟ್ಟರೆ ಎದುರು ಮೂಲೆ 7.2 ಮೀಟರ್ ದೂರ. ಬಾಯಿಯ ಬಳಿ 2 ಸೆಂ.ಮೀ. ಇದ್ದ ಗಾರೆ ಅಲ್ಲಿ 9 ಸೆಂ.ಮೀ. ದಾಟುತ್ತದೆ. ಎರಡು ಗಿಡ್ಡ ಬದಿಗಳ ನಟ್ಟನಡುವೆ ಒಂದೊಂದು ಇಟ್ಟರೆ ಗಾರೆ 5.6 ಸೆಂ.ಮೀ.ಗೇ ಮುಗಿಯುತ್ತದೆ. ಭಾರ ಇಳಿಯುತ್ತದೆ, ಒಂದು ಕಟ್ಟಿಕೊಂಡರೂ ಇನ್ನೊಂದು ನೀರು ಬಿಡುತ್ತದೆ. ಎರಡನೇ ಪೈಪಿನ ಖರ್ಚು ಉಳಿಸಲು ಹೋಗಬೇಡಿ.

ನೀರು ತಡೆಯಲು ಹಾಸುವ ಡಾಂಬರಿನ ಹಾಳೆ, ಅಲ್ಲಿಯವರ ‘ಮಾಂಟಾ ಅಸ್ಫಾಲ್ಟಿಕಾ’, ನಡುಭಾಗದಲ್ಲಿ ಕೈಕೊಡುವುದು ಅಪರೂಪ. ಸೋರಿಕೆ ಶುರುವಾಗುವುದು ರಾಲೊ ಸುತ್ತ. ಪೈಪ್ 75 ಮಿ.ಮೀ.ಗೆ ಕಡಿಮೆ ಬೇಡ, ಗೋಡೆಯಿಂದ 10 ಸೆಂ.ಮೀ. ಆಚೆಗಿರಲಿ, ಗೋಡೆಗೆ ಒತ್ತಿಕೊಂಡ ಬಾಯಿಗೆ ಹಾಳೆ ಸುತ್ತಲು ಕೈಯೇ ಹೋಗದು. ಬಾಯಿಯ ಸುತ್ತ 40×40 ಸೆಂ.ಮೀ. ಜಾಗವನ್ನು 1 ಸೆಂ.ಮೀ. ತಗ್ಗಿಸಿ, ಅಂಚನ್ನು ಓರೆ ಮಾಡಿ. ಅಲ್ಲಿ ಹಾಳೆ ಎರಡು ಪದರ ಬರುತ್ತದೆ. ತಗ್ಗಿಸದಿದ್ದರೆ ಆ ದಪ್ಪವೇ ದಿಣ್ಣೆಯಾಗಿ ನೀರನ್ನು ತಡೆಯುತ್ತದೆ. ಮೊದಲ ತುಂಡನ್ನು ಕೊಳವೆಯಾಗಿ ಸುತ್ತಿ ಪೈಪಿನೊಳಗೆ ಇಳಿಸಿ, ಮೇಲೆ ಉಳಿದದ್ದನ್ನು ಸೀಳಿ ಹೂವಿನ ಎಸಳಿನಂತೆ ನೆಲಕ್ಕೆ ಕಾಯಿಸಿ ಅಂಟಿಸಿ. ಎರಡನೆಯದನ್ನು ಅದರ ಮೇಲೆ ಹಾಸಿ, ಬಾಯಿಯ ಮೇಲೆ ನಕ್ಷತ್ರದಂತೆ ಕೊಯ್ದು ಒಳಕ್ಕೆ ಮಡಚಿ.

ಗೋಡೆ-ನೆಲ ಸೇರುವ ಮೂಲೆಗೆ ಗಾರೆಯಿಂದ 5ರಿಂದ 8 ಸೆಂ.ಮೀ. ತ್ರಿಜ್ಯದ ದುಂಡು ಕೊಡಬೇಕು. ದುಂಡಿಲ್ಲದ ಚೂಪು ಮೂಲೆಯಲ್ಲಿ ಮಡಚಿದ ಹಾಳೆಯ ಹಿಂದೆ ಪೊಳ್ಳು ಉಳಿದು, ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗುವಾಗ ಅಲ್ಲೇ ಸೀಳುತ್ತದೆ. ಪ್ಲಾಟಿಬಾಂಡಾ ಎನ್ನುವ ಪ್ಯಾರಪೆಟ್ ಗೋಡೆಗೆ ಹಾಳೆ ಮುಗಿದ ನೆಲದಿಂದ 20 ಸೆಂ.ಮೀ. ಮೇಲೇರಬೇಕು, ಮೇಲಿನ ಪದರಗಳನ್ನೂ ಸೇರಿಸಿ ಸುಮಾರು 30 ಎಂದು ಹಿಡಿಯಿರಿ. ಹೊಸ್ತಿಲ ಒಳಗೂ ಹೊರಗೂ 6 ಸೆಂ.ಮೀ. ಮಟ್ಟದ ವ್ಯತ್ಯಾಸ ಬೇಕು. ಗಾಜಿನ ಜಾರುಬಾಗಿಲಿಟ್ಟು ಒಳ-ಹೊರ ಒಂದೇ ಮಟ್ಟ ಮಾಡುವ ಚೆಂದಕ್ಕೆ ಈ 6 ಸೆಂ.ಮೀ. ಬಿಟ್ಟರೆ ಜನವರಿ ಮಳೆಗೆ ಮರದ ನೆಲ ಉಬ್ಬುತ್ತದೆ. ಅಂಥ ನೋಟ ಬೇಕೇ ಬೇಕೆಂದರೆ ಬಾಗಿಲ ಹೊರಗೆ ಜಾಲರಿ ಮುಚ್ಚಿದ ಕಾಲುವೆ ಇರಲಿ.

ಹಾಳೆಯ ಸುರುಳಿ 1×10 ಮೀಟರ್. ಜೋಡಣೆಯ ಮೇಲುಹಾಸು 10 ಸೆಂ.ಮೀ. ನೆಲ 24, ಗೋಡೆ 6, ಒಟ್ಟು 30 ಚದರ ಮೀಟರಿಗೆ 15% ಸೇರಿಸಿದರೆ ನಾಲ್ಕು ಸುರುಳಿ.

ಆಮೇಲೆ ರಾಲೊ ಮುಚ್ಚಿ, ವಾಟದ ಎತ್ತರದ ಭಾಗವೂ ಮುಳುಗುವಂತೆ ನೀರು ಕಟ್ಟಿ 72 ಗಂಟೆ ಬಿಡಿ. ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಎರಡಕ್ಕೂ ಗುರುತು ಹಾಕಿ: ಬಕೆಟ್ಟಿನಲ್ಲಿ ಇಳಿದಿದ್ದು ಆವಿ, ತಾರಸಿಯಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸೋರಿಕೆ. ಕೆಳಗಿನ ಕೋಣೆಗೆ ಜಿಪ್ಸಂ ಚಾವಣಿ ಅಷ್ಟು ದಿನ ಕಾಯಲಿ. ಅದು ಬಂದಮೇಲೆ ತೇವದ ಕಲೆ ಎಲ್ಲಿಂದ ಹೊರಟಿತೆಂದು ಹುಡುಕಲಾಗದು.