13 ವಸಾಹತುಗಳ ನಕ್ಷೆ: ಮೇರಿಲ್ಯಾಂಡ್ ತನಕ ಬಂತು

ಅಮೆರಿಕದಲ್ಲಿ ಇಂಗ್ಲಿಷರಿಗಿದ್ದ ಹಳೇ 13 ವಸಾಹತುಗಳ ಹಿಂದೆ ಯಾವ್ಯಾವ ಪಂಥದವರಿದ್ದರು ಎಂದು ತೋರಿಸುವ ನನ್ನ ಗೋಡೆ ನಕ್ಷೆಯಲ್ಲಿ ಉತ್ತರದ ಭಾಗ ಬಹುಮಟ್ಟಿಗೆ ಮುಗಿಯಿತು. ಕರಾವಳಿ ಗೆರೆ ಕಪ್ಪು ಇಂಕಿನಲ್ಲಿ, ಒಳಗೆ ವಾಟರ್ ಕಲರ್.

ಒಂದು ವಸಾಹತಿಗೆ ಒಂದೇ ಬಣ್ಣ ಬಳಿದರೆ ನೋಡಲು ಚೆಂದ, ಆದರೆ ಸುಳ್ಳಾಗುತ್ತದೆ. 1620ರಲ್ಲಿ ಇಂಗ್ಲೆಂಡಿನಿಂದ ವಲಸಿಗರನ್ನು ಹೊತ್ತು ತಂದ ಮೇಫ್ಲವರ್ ಹಡಗನ್ನೇ ನೋಡಿ. 102 ಪ್ರಯಾಣಿಕರಲ್ಲಿ ಇಂಗ್ಲೆಂಡಿನ ಚರ್ಚು ಬೇಡವೆಂದು ಹೊರಬಂದವರು ಸುಮಾರು ಅರ್ಧ ಮಾತ್ರ; ಮಿಕ್ಕವರು ಹೊಟ್ಟೆಪಾಡಿಗೆ ಬಂದವರು. ದುಡ್ಡು ಹಾಕಿದ್ದು ಲಂಡನ್ ವ್ಯಾಪಾರಿಗಳು. ಆದ್ದರಿಂದ ನನ್ನ ನಕ್ಷೆಯಲ್ಲಿ ಬಣ್ಣ ಅಂದರೆ ಅಧಿಕಾರ ಯಾರದು, ಚುಕ್ಕಿ ಅಂದರೆ ಅಲ್ಲಿ ಬದುಕಿದವರು ಯಾರು.

ಮ್ಯಾಸಚೂಸೆಟ್ಸ್ ಬೇ ಸಲೀಸು. 1630ರಲ್ಲಿ ಮುಂದಾಳು ಜಾನ್ ವಿನ್‌ಥ್ರಪ್ ಜೊತೆ ಬಂದ ಪ್ಯೂರಿಟನ್ನರು (ಇಂಗ್ಲೆಂಡಿನ ಚರ್ಚನ್ನು ಶುದ್ಧ ಮಾಡಬೇಕೆಂದು ಹಟ ಹಿಡಿದ ಪ್ರಾಟೆಸ್ಟಂಟರು) ಮರುವರ್ಷವೇ ಚರ್ಚಿನ ಸದಸ್ಯರಿಗಷ್ಟೇ ಮತದ ಹಕ್ಕು ಎಂದುಬಿಟ್ಟರು. ದಟ್ಟ ನೀಲಿ, ಎರಡು ಮಾತಿಲ್ಲ. ತಮ್ಮ ನಂಬಿಕೆಗೆ ನೆಲೆ ಹುಡುಕಿಕೊಂಡು ಬಂದ ಇವರೇ ಆಮೇಲೆ ಬಾಸ್ಟನ್‌ನಲ್ಲಿ ನಾಲ್ವರು ಕ್ವೇಕರ್‌ಗಳನ್ನು (ಪಾದ್ರಿಗಳ ಹಂಗಿಲ್ಲದೆ ಪ್ರಾರ್ಥಿಸುವ ಇನ್ನೊಂದು ಕ್ರೈಸ್ತ ಪಂಥದವರು) ನೇಣಿಗೇರಿಸಿದರು. ಅವರನ್ನು ಎದುರುಹಾಕಿಕೊಂಡ ಪಾದ್ರಿ ರೋಜರ್ ವಿಲಿಯಮ್ಸ್‌ಗೆ ಗಡೀಪಾರು. ಆತ 1636ರಲ್ಲಿ ನ್ಯಾರಗ್ಯಾನ್ಸೆಟ್ ಬುಡಕಟ್ಟಿನ ಮುಖ್ಯಸ್ಥರಿಂದ ಜಾಗ ಪಡೆದು ರೋಡ್ ಐಲ್ಯಾಂಡ್ ವಸಾಹತಿನ ಮೊದಲ ಊರು ಪ್ರಾವಿಡೆನ್ಸ್ ಕಟ್ಟಿದ. ಅಲ್ಲಿ ಸರ್ಕಾರ ನಂಬಿಕೆಯ ತಂಟೆಗೆ ಹೋಗುವಂತಿರಲಿಲ್ಲವಾದ್ದರಿಂದ ರೋಡ್ ಐಲ್ಯಾಂಡ್‌ಗೆ ಬಣ್ಣವನ್ನೇ ಹಾಕಿಲ್ಲ. ಬ್ಯಾಪ್ಟಿಸ್ಟ್, ಕ್ವೇಕರ್, ಯಹೂದಿ ಚುಕ್ಕಿಗಳಿಗೆ ಆ ಅಂಗೈಯಗಲ ವಸಾಹತಿನಲ್ಲಿ ಜಾಗ ಸಾಲದು. ನಕ್ಷೆಯಲ್ಲಿ ಪಕ್ಕದ ಸಮುದ್ರದ ಜಾಗದಲ್ಲಿ ಅದನ್ನು ಇನ್ನೊಮ್ಮೆ ದೊಡ್ಡದಾಗಿ ಬರೆದಿದ್ದೇನೆ.

ಹೆಚ್ಚು ಹೊತ್ತು ಹಿಡಿದದ್ದು ಮೇರಿಲ್ಯಾಂಡ್. 1632ರ ಸನ್ನದು ಕ್ಯಾಥೊಲಿಕ್ಕರಾದ ಕ್ಯಾಲ್ವರ್ಟ್ ಮನೆತನದ್ದು, ಆದರೆ 1634ರಲ್ಲಿ ಬಂದಿಳಿದವರಲ್ಲಿ ಪ್ರಾಟೆಸ್ಟಂಟರೇ ಹೆಚ್ಚು. ಹಾಗಾಗಿ ಕ್ಯಾಥೊಲಿಕ್ ಹಳದಿಯ ಮೇಲೆ ತುಂಬ ಪ್ರಾಟೆಸ್ಟಂಟ್ ಚುಕ್ಕಿ. ಅಂಚಿನ ಚೌಕದಲ್ಲಿ 1649ರ ಧಾರ್ಮಿಕ ಸಹಿಷ್ಣುತೆ ಕಾಯ್ದೆಯ ಸಾರ ಬರೆದೆ. ಯಾರನ್ನಾದರೂ ‘ಪ್ಯೂರಿಟನ್’, ‘ಜೆಸ್ಯೂಟ್’ (ಒಂದು ಕ್ಯಾಥೊಲಿಕ್ ಪಾದ್ರಿ ಸಂಘದವರು) ಎಂದು ಹೀಯಾಳಿಸಿದರೆ 10 ಷಿಲಿಂಗ್ ದಂಡ. ಅದರಲ್ಲಿ ಅರ್ಧ ಬೈಸಿಕೊಂಡವರಿಗೆ, ಅರ್ಧ ವಸಾಹತಿನ ಒಡೆಯನಿಗೆ! ಕಟ್ಟಲಾಗದವನಿಗೆ ಚಾಟಿಯೇಟು, ಸೆರೆ. ಅದೇ ಕಾಯ್ದೆ ತ್ರಿತ್ವವನ್ನು (ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರೆಂಬ ಕ್ರೈಸ್ತ ನಂಬಿಕೆಯನ್ನು) ಅಲ್ಲಗಳೆದವನಿಗೆ ಮರಣದಂಡನೆ ಅನ್ನುತ್ತದೆ. ಸಹಿಷ್ಣುತೆ ಏನಿದ್ದರೂ ಕ್ರೈಸ್ತರೊಳಗೇ.

1689ರಲ್ಲಿ ಪ್ರಾಟೆಸ್ಟಂಟರು ದಂಗೆಯೆದ್ದು ಅಧಿಕಾರ ಕಿತ್ತುಕೊಂಡರು. 1702ರ ಹೊತ್ತಿಗೆ ಆಂಗ್ಲಿಕನ್ ಚರ್ಚೇ (ಅಂದರೆ ಇಂಗ್ಲೆಂಡಿನ ಚರ್ಚೇ) ಅಲ್ಲಿನ ಸರ್ಕಾರಿ ಚರ್ಚು. ಇದಕ್ಕಾಗಿ ಕೆಂಪು ಬಳಿದ ಟ್ರೇಸಿಂಗ್ ಪೇಪರಿನ ತುಂಡೊಂದನ್ನು ಮೇಲಂಚಿಗಷ್ಟೇ ಅಂಟಿಸಿದೆ. ಎತ್ತಿದರೆ 1634, ಬಿಟ್ಟರೆ 1702. ಇಡೀ ನಕ್ಷೆಯಲ್ಲಿ ನನಗೆ ಇಷ್ಟವಾದ ಜಾಗ ಇದೇ.

ಪೆನ್ಸಿಲ್ವೇನಿಯ ಇನ್ನೂ ಪೆನ್ಸಿಲ್ಲಿನಲ್ಲೇ ಇದೆ. ತಂದೆಗೆ ಬರಬೇಕಿದ್ದ ಸಾಲದ ಬಾಬ್ತು ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ 1681ರಲ್ಲಿ ಕ್ವೇಕರ್ ಪಂಥದ ವಿಲಿಯಂ ಪೆನ್‌ಗೆ ಕೊಟ್ಟ ನೆಲ ಅದು. ಕ್ವೇಕರ್ ಹಸಿರು, ಮೇಲೆ ಜರ್ಮನ್ ಪಂಗಡಗಳ ಚುಕ್ಕಿ. ವರ್ಜೀನಿಯಕ್ಕೆ ಕೆಂಪನ್ನು ತೀರ ತೆಳುವಾಗಿ ಬಳಿಯುವವನಿದ್ದೇನೆ: 1607ರಲ್ಲಿ ಜೇಮ್ಸ್‌ಟೌನ್ ಕಟ್ಟಿಸಿದ್ದು ಲಾಭದ ಬೆನ್ನುಬಿದ್ದ ಕಂಪನಿ, ಚರ್ಚು ಅದರ ಜೊತೆ ಹಡಗು ಹತ್ತಿತು ಅಷ್ಟೆ. ಕೆಂಪು ಟ್ಯೂಬ್ ತಳ ಕಂಡಿದೆ. ಹೊಸದು ತರದೆ ಕ್ಯಾರೊಲೈನಾಗಳಿಗೆ ಕೈ ಹಾಕುವಂತಿಲ್ಲ.